ಆಫೀಸಿನ ಮೇಲ್ ನಿಮ್ಮ ಮೊಬೈಲಿಗೆ: ಬೀಗದ ಕೈ ಯಾರ ಹತ್ತಿರ?



ಹಿಂಜವಡಿಯ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ, ಹುಬ್ಬಳ್ಳಿ ಕಡೆಯ ಕೇಳುಗರೊಬ್ಬರು ಕಾರ್ಯಕ್ರಮಕ್ಕೆ ಫೋನ್ ಮಾಡಿ ಹಾಡಿನ ಬದಲು ಪ್ರಶ್ನೆ ಕೇಳಿದರು. "ಅಕ್ಕಾರ, ಆಫೀಸಿನ ಮೇಲ್ ನನ್ನ ಸ್ವಂತ ಫೋನಿಗೆ ಹಾಕ್ಕೋ ಅಂದಾರ್ರೀ. ಹಾಕ್ಕೊಂಡ್ರ ಅವರು ಬೇಕಾದಾಗ ನನ್ನ ಫೋನ್ ಪೂರ್ತಿ ಅಳಸಬಹುದಂತ. ಖರೇ ಏನ್ರೀ? ಮಗಳ ಫೋಟೋ ಎಲ್ಲಾ ಅದರಾಗ ಅದಾವು. ಇದಕ್ಕ ಓಪನ್ ಸೋರ್ಸ್‌ನ್ಯಾಗ ಏನಾರ ದಾರಿ ಐತೇನು?"

ಎರಡು ಹಾಡುಗಳ ನಡುವೆ ಹೇಳಿ ಮುಗಿಸುವ ವಿಷಯ ಇದಲ್ಲ. ಪುಣೆಯಲ್ಲಿ ನಮ್ಮ ಕೇಳುಗರಲ್ಲಿ ಅರ್ಧಕ್ಕರ್ಧ ಜನ ಹಿಂಜವಡಿ, ಖರಾಡಿ, ಮಗರಪಟ್ಟಾ ಕಡೆ ಕಂಪ್ಯೂಟರ್ ಮುಂದೆ ಕೂರುವವರು. ಉಳಿದವರಲ್ಲಿ ಭೋಸರಿ, ಚಾಕಣದ ಕಾರ್ಖಾನೆಗಳವರು ಬಹಳ. ಇಬ್ಬರಿಗೂ ಈ ತಲೆನೋವು ಇದ್ದದ್ದೇ. ಹಾಗಾಗಿ ಈ ಸಲ ಇಲ್ಲೇ ಬರೆಯುತ್ತಿದ್ದೇನೆ.

ಮೊದಲಿಗೆ ಚುಟುಕು ಉತ್ತರ: ಖರೇ ಐತ್ರೀ. ಆದರೆ ಎಲ್ಲ ಫೋನುಗಳಲ್ಲೂ ಅಲ್ಲ, ಎಲ್ಲ ದಾರಿಗಳಲ್ಲೂ ಅಲ್ಲ. ಮೇಲ್ ನಿಮ್ಮ ಫೋನಿಗೆ ಯಾವ ಬಾಗಿಲಿನಿಂದ ಬರುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಓಪನ್ ಸೋರ್ಸ್, ಅಂದರೆ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶ, ಇದಕ್ಕೂ ಇದೆ. ಆದರೆ ಅದನ್ನು ಬಳಸಲು ಸಾಧ್ಯವೇ ಎಂಬುದನ್ನು ನಿರ್ಧರಿಸುವುದು ನಿಮ್ಮ ಫೋನ್ ಅಲ್ಲ, ಆಫೀಸಿನ ಸರ್ವರ್. ಎಲ್ಲರೂ "ಯಾವ ಆಪ್ ಒಳ್ಳೆಯದು?" ಎಂದು ಕೇಳುತ್ತಾರೆ. "ಆಫೀಸಿನವರು ಯಾವ ಬಾಗಿಲು ತೆರೆದಿಟ್ಟಿದ್ದಾರೆ?" ಎಂದು ಕೇಳುವವರು ಕಡಿಮೆ.

ತಾಳೆ ನೋಡುವ ಕಲೆ

'ಸಿಂಕ್' ಎಂಬ ಪದಕ್ಕೆ ಕನ್ನಡದಲ್ಲಿ ಸಮನ್ವಯ, ಏಕಕಾಲಿಕತೆ ಎಂದೆಲ್ಲ ಭಾರದ ಪದಗಳನ್ನು ಹೊರಿಸಿದ್ದಾರೆ. ನನ್ನ ಮಟ್ಟಿಗೆ 'ತಾಳೆ' ಸಾಕು. ಮನೆಗೆ ಹಾಲು ಹಾಕುವವನ ಹತ್ತಿರ ಒಂದು ನೋಟ್‌ಬುಕ್ ಇರುತ್ತದೆ, ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಕಾಲನಿರ್ಣಯ ಇರುತ್ತದೆ. ಅವನು ತನ್ನದರಲ್ಲಿ ಬರೆಯುತ್ತಾನೆ, ನಾವು ನಮ್ಮದರಲ್ಲಿ ಗುರುತು ಹಾಕುತ್ತೇವೆ. ತಿಂಗಳ ಕೊನೆಗೆ ಎರಡನ್ನೂ ತಾಳೆ ನೋಡುತ್ತೇವೆ. ಊರಿಗೆ ಹೋದ ನಾಲ್ಕು ದಿನದ ಹಾಲು ಅವನ ಪುಸ್ತಕದಲ್ಲಿದ್ದು ನಮ್ಮದರಲ್ಲಿ ಇಲ್ಲದಿದ್ದರೆ ಯಾರದು ಸರಿ? ಅಲ್ಲೇ ಜಗಳ.

ಆಫೀಸಿನ ಮೇಲ್ ಮತ್ತು ಮೊಬೈಲಿನದೂ ಇದೇ ಕಥೆ. ಆಫೀಸಿನ ಕಂಪ್ಯೂಟರಿನಲ್ಲಿ ಓದಿದ ಮೇಲ್ ಫೋನಿನಲ್ಲೂ ಓದಿದ್ದೆಂದು ಕಾಣಬೇಕು. ಫೋನಿನಲ್ಲಿ ಅಳಿಸಿದ್ದು ಅಲ್ಲೂ ಹೋಗಬೇಕು. ನಾಳೆಯ ಮೀಟಿಂಗ್ ಹತ್ತರಿಂದ ಹನ್ನೊಂದಕ್ಕೆ ಹೋದರೆ ನೀವು ಚಾಂದನಿ ಚೌಕದ ಟ್ರಾಫಿಕ್ಕಿನಲ್ಲಿದ್ದಾಗಲೇ ಅದು ಫೋನಿನ ಕ್ಯಾಲೆಂಡರಿನಲ್ಲಿ ಬದಲಾಗಬೇಕು. ಅಂದರೆ ತಾಳೆಯಾಗಬೇಕಾದ ಪುಸ್ತಕಗಳು ಒಂದಲ್ಲ, ಮೂರು: ಮೇಲ್, ವಿಳಾಸ ಪುಸ್ತಕ, ಕ್ಯಾಲೆಂಡರ್. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ತೊಡಕೆಲ್ಲ ಈ ಮೂರು ಒಂದೇ ದಾರಿಯಲ್ಲಿ ಬರುತ್ತವೆಯೋ ಬೇರೆ ಬೇರೆ ದಾರಿಯಲ್ಲಿ ಬರುತ್ತವೆಯೋ ಎಂಬುದರಲ್ಲಿದೆ.

ಮೂರನ್ನೂ ಒಂದೇ ಗಾಡಿಯಲ್ಲಿ ತರುವುದು ಮೈಕ್ರೋಸಾಫ್ಟ್‌ನ ಆಕ್ಟಿವ್‌ಸಿಂಕ್. ದೊಡ್ಡ ಕಂಪನಿಗಳಲ್ಲಿ ಇರುವ ಎಕ್ಸ್‌ಚೇಂಜ್ ಸರ್ವರಿನ ಜೊತೆ ಬರುವಂಥದು. ಆಪಲ್ 2008ರಲ್ಲಿ ಇದನ್ನು ಐಫೋನಿಗೆ ತಂದಿತು, ಗೂಗಲ್ 2009ರಲ್ಲಿ ಲೈಸೆನ್ಸ್ ಪಡೆಯಿತು.

ಅದು ಕೆಲಸ ಮಾಡುವ ಬಗೆ ಸ್ವಾರಸ್ಯವಾಗಿದೆ. ಪ್ರತಿ ಸಲ ತಾಳೆಯಾದ ಮೇಲೆ ಸರ್ವರ್ ಫೋನಿಗೆ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಕಿರಾಣಿ ಅಂಗಡಿಯವನು ಉದ್ರಿ ಖಾತೆಯಲ್ಲಿ ಗೆರೆ ಎಳೆದು 'ಇಲ್ಲಿಯವರೆಗೆ ಚುಕ್ತಾ' ಎಂದು ಬರೆಯುವ ಹಾಗೆ. ಮುಂದಿನ ಸಲ ಫೋನ್ ಆ ಸಂಖ್ಯೆ ತೋರಿಸಿದರೆ ಗೆರೆಯ ಕೆಳಗಿನದಷ್ಟೇ ಬರುತ್ತದೆ. ಸಂಖ್ಯೆ ತಪ್ಪಿತೋ, ಮೊದಲಿನಿಂದ ಎಲ್ಲವನ್ನೂ ಮತ್ತೆ ತರಬೇಕು. ಕೆಲವೊಮ್ಮೆ ಕಾರಣವಿಲ್ಲದೆ ಫೋನ್ ಬಿಸಿಯಾಗಿ ಹಳೆಯ ಮೇಲ್‌ಗಳೆಲ್ಲ ಮತ್ತೊಮ್ಮೆ ಇಳಿಯುತ್ತವಲ್ಲ, ಅದರ ಹಿಂದೆ ಬಹಳ ಸಲ ಇದೇ ಇರುತ್ತದೆ.

ಇನ್ನು ಮೇಲ್ ಬಂದ ತಕ್ಷಣ ಫೋನ್ ಕೂಗುವುದು ಹೇಗೆ? ಎಕ್ಸ್‌ಚೇಂಜ್ 2003ರ ಎರಡನೆಯ ಸರ್ವೀಸ್ ಪ್ಯಾಕ್ 2005ರಲ್ಲಿ ಬಂದಾಗ ಈ ವ್ಯವಸ್ಥೆ ಸೇರಿತು. ಫೋನ್ ಸರ್ವರಿಗೆ, "ನಾನು ಹದಿನೈದು ನಿಮಿಷ ಲೈನಿನಲ್ಲೇ ಇರುತ್ತೇನೆ. ಏನಾದರೂ ಬಂದರೆ ಆಗಲೇ ಹೇಳು, ಬರದಿದ್ದರೆ ಸಮಯ ಮುಗಿದ ಮೇಲೆ ಏನೂ ಇಲ್ಲ ಅನ್ನು" ಎನ್ನುತ್ತದೆ. ಸರ್ವರ್ ಅಲ್ಲಿಯವರೆಗೆ ಉತ್ತರ ಕೊಡದೆ ತಡೆದಿಡುತ್ತದೆ. ಮೇಲ್ ಬಂತೆಂದರೆ ಆ ತಡೆದಿಟ್ಟ ಉತ್ತರವೇ ಸುದ್ದಿ. ಫೋನ್ ಪದೇ ಪದೇ ಹೋಗಿ ಬಾಗಿಲು ತಟ್ಟುವ ಕೆಲಸ ಉಳಿಯಿತು, ಬ್ಯಾಟರಿಯೂ ಉಳಿಯಿತು.

ಕರಿಹಣ್ಣಿನ ಕಾಲ

ಅದಕ್ಕೂ ಮುಂಚೆ ಆಫೀಸಿನ ಮೇಲ್ ಮೊಬೈಲಿನಲ್ಲಿ ಎಂದರೆ ಬ್ಲಾಕ್‌ಬೆರಿ. ಮ್ಯಾನೇಜರುಗಳ ಸೊಂಟದಲ್ಲಿ ಪುಟ್ಟ ಕೀಲಿಮಣೆಯ ಆ ಫೋನ್ ತೂಗಾಡುತ್ತಿದ್ದ ಕಾಲ ಹಲವರಿಗೆ ನೆನಪಿರಬಹುದು. ಮೇಲ್ ಆಫೀಸಿನಿಂದ ನೇರ ಫೋನಿಗೆ ಬರುತ್ತಿರಲಿಲ್ಲ, ಕೆನಡಾದ ಆ ಕಂಪನಿಯ ಜಾಲದ ಮೂಲಕ ಸುತ್ತಿ ಬರುತ್ತಿತ್ತು. ಭಾರತ ಸರ್ಕಾರಕ್ಕೂ ಕಂಪನಿಗೂ 2008ರಿಂದ ಜಟಾಪಟಿ ನಡೆದದ್ದು ಇದರ ಸುತ್ತಲೇ. 2010ರ ಆಗಸ್ಟ್ 31ಕ್ಕೆ ಸರ್ಕಾರ ಗಡುವನ್ನೂ ಕೊಟ್ಟಿತ್ತು. ಕಂಪನಿ ಹೇಳುತ್ತಿದ್ದ ಮಾತು, "ಕಾರ್ಪೊರೇಟ್ ಮೇಲ್‌ಗಳ ಬೀಗದ ಕೈ ನಮ್ಮ ಹತ್ತಿರ ಇಲ್ಲ, ಆಯಾ ಕಂಪನಿಗಳ ಸರ್ವರಿನಲ್ಲಿದೆ" ಎಂದು. ಬೀಗದ ಕೈ ಯಾರ ಹತ್ತಿರ ಎಂಬ ಪ್ರಶ್ನೆ ದೇಶದ ಮಟ್ಟದಲ್ಲಿ ಎದ್ದದ್ದು ಆಗಲೇ. ಆ ಹಳೆಯ ಬ್ಲಾಕ್‌ಬೆರಿ ಫೋನುಗಳ ಸೇವೆ 2022ರ ಜನವರಿ 4ರಂದು ನಿಂತುಹೋಯಿತು. ಕಪಾಟಿನಲ್ಲಿ ಒಂದಿದ್ದರೆ ಮಕ್ಕಳಿಗೆ ಆಟಕ್ಕೆ ಕೊಡಬಹುದು.

ಅಷ್ಟು ದುಬಾರಿ ವ್ಯವಸ್ಥೆಗೆ ಎದುರಾಗಿ ನಿಲ್ಲಲು ಹೊರಟ ಮುಕ್ತ ತಂತ್ರಾಂಶ ಫುನಾಂಬೋಲ್. ಇಟಲಿ ಮೂಲದ ಫಾಬ್ರಿಜಿಯೊ ಕಾಪೊಬಿಯಾಂಕೊ ಶುರು ಮಾಡಿದ್ದು. ಆಗ ನೋಕಿಯಾ, ಎರಿಕ್ಸನ್, ಮೊಟೊರೊಲಾ, ಐಬಿಎಂ ಮುಂತಾದವು ಸೇರಿ 2000ದಲ್ಲಿ ಕಟ್ಟಿದ 'ಸಿಂಕ್‌ಎಂಎಲ್' ಎಂಬ ಸಾರ್ವಜನಿಕ ನಿಯಮಾವಳಿ ಇತ್ತು. ಸಾದಾ ನೋಕಿಯಾ ಫೋನಿನ ಮೆನುವಿನಲ್ಲೂ ಆ ಆಯ್ಕೆ ಇರುತ್ತಿತ್ತು, ಯಾರೂ ಒತ್ತಿ ನೋಡುತ್ತಿರಲಿಲ್ಲ ಅಷ್ಟೆ. ಫುನಾಂಬೋಲ್ ಅದನ್ನೇ ಹಿಡಿದು ಸರ್ವರ್ ಕಟ್ಟಿತು, ಹೆಸರೂ ಮಾಡಿತು. ಆಮೇಲೆ ಕಂಪನಿ ಟೆಲಿಕಾಂ ಸಂಸ್ಥೆಗಳಿಗೆ ಫೋಟೋ ಸಂಗ್ರಹದ ಸೇವೆ ಕಟ್ಟಿಕೊಡುವ ವ್ಯಾಪಾರಕ್ಕೆ ಹೊರಳಿತು, ಸಿಂಕ್‌ಎಂಎಲ್ ಮೂಲೆ ಸೇರಿತು. ಮುಕ್ತ ತಂತ್ರಾಂಶ ಎಂದ ಮಾತ್ರಕ್ಕೆ ಚಿರಂಜೀವಿ ಅಲ್ಲ. ನೀರು ಹಾಕುವವರು ಬೇಕು.

ಹಾಲೆಂಡಿನ ಜರಾಫಾ ಎಂಬ ಕಂಪನಿ 2007ರಲ್ಲಿ ಬೇರೆ ಉಪಾಯ ಮಾಡಿತು. ಫೋನುಗಳಿಗೆ ಹೊಸ ಭಾಷೆ ಕಲಿಸುವ ಬದಲು, ಫೋನುಗಳಿಗೆ ಆಗಲೇ ಬರುವ ಆಕ್ಟಿವ್‌ಸಿಂಕ್ ಭಾಷೆಯಲ್ಲೇ ಮಾತಾಡುವ ದುಭಾಷಿಯನ್ನು ಸರ್ವರಿನ ಬದಿಗೆ ಕೂರಿಸುವುದು. ಅದರ ಹೆಸರು ಝಡ್-ಪುಶ್. ಫೋನಿಗೆ ತಾನು ಎಕ್ಸ್‌ಚೇಂಜ್ ಜೊತೆ ಮಾತಾಡುತ್ತಿದ್ದೇನೆ ಅನ್ನಿಸುತ್ತದೆ. ಹಿಂದೆ ಇರುವುದು ಸಾದಾ ಲಿನಕ್ಸ್ ಮೇಲ್ ಸರ್ವರ್. ಪಿಎಚ್‌ಪಿಯಲ್ಲಿ ಬರೆದ ಈ ದುಭಾಷಿ ಇಂದಿಗೂ ಮುಕ್ತವಾಗಿ ಸಿಗುತ್ತದೆ. ಸೊಗೊ ಎಂಬ ಇನ್ನೊಂದು ಮುಕ್ತ ಸರ್ವರ್ ಅದೇ ಸಾಮರ್ಥ್ಯವನ್ನು ತನ್ನೊಳಗೇ ಇಟ್ಟುಕೊಂಡಿದೆ.

ಪುಣೆಯವರಿಗೆ ಇಲ್ಲಿ ಒಂದು ಹತ್ತಿರದ ಹೆಸರು ಬರುತ್ತದೆ: ಜಿಂಬ್ರಾ. ಈ ಮೇಲ್ ಸರ್ವರಿನ ಎಂಜಿನಿಯರಿಂಗ್ ಕಚೇರಿ ನಮ್ಮೂರಲ್ಲೇ ಇದೆ. ಮದುವೆಯಾದ ಮನೆಗಳು ಬಹಳ ಈ ಹುಡುಗಿಗೆ: 2007ರಲ್ಲಿ ಯಾಹೂ, 2010ರಲ್ಲಿ ವಿಎಂವೇರ್, 2013ರಲ್ಲಿ ಟೆಲಿಜೆಂಟ್, 2015ರಲ್ಲಿ ಸಿನಾಕೋರ್. ಮುಕ್ತ ಆವೃತ್ತಿಯಲ್ಲಿ ಮೇಲ್, ಕ್ಯಾಲೆಂಡರ್ ಎಲ್ಲ ಇತ್ತು, ಆದರೆ ಮೊಬೈಲಿಗೆ ಆಕ್ಟಿವ್‌ಸಿಂಕ್ ಬೇಕೆಂದರೆ ದುಡ್ಡಿನ ಆವೃತ್ತಿ ಕೊಳ್ಳಬೇಕಿತ್ತು. ಆ ಸಂದಿಯನ್ನು ತುಂಬಲು ಎಷ್ಟೋ ಸಣ್ಣ ಕಂಪನಿಗಳ ಸಿಸ್ಟಮ್ ಹುಡುಗರು ಮುಕ್ತ ಜಿಂಬ್ರಾದ ಪಕ್ಕದಲ್ಲಿ ಝಡ್-ಪುಶ್ ಕೂರಿಸಿ ಕೆಲಸ ಸಾಗಿಸಿದರು. ಬಿಟ್ಟಿ ಆವೃತ್ತಿಯ ಸಿದ್ಧ ಪ್ಯಾಕೇಜು 8.8.15ಕ್ಕೇ ಕೊನೆಯಾಯಿತು, ಅದರ ಬೆಂಬಲ 2023ರ ಕೊನೆಗೆ ಮುಗಿಯಿತು. ಮೂಲ ಸಂಕೇತ ಈಗಲೂ ಸಿಗುತ್ತದೆ, ಆದರೆ ಕಟ್ಟಿಕೊಳ್ಳುವ ಕೆಲಸ ನಮ್ಮದೇ. ಹಿಟ್ಟು ಕೊಡುತ್ತಾರೆ, ರೊಟ್ಟಿ ನೀವು ಬಡಿಯಿರಿ ಎಂದಂತೆ.

ಈಗ ನಿಮ್ಮ ಫೋನಿನಲ್ಲಿ

ಸರಿ, ಸರ್ವರ್ ನಿಮ್ಮ ಕೈಯಲ್ಲಿಲ್ಲ, ಫೋನ್ ಮಾತ್ರ ಇದೆ. ಏನು ಮಾಡಬಹುದು?

ಆಫೀಸಿನ ಸರ್ವರಿನಲ್ಲಿ ಐಮ್ಯಾಪ್ ಬಾಗಿಲು ತೆರೆದಿದ್ದರೆ ಅರ್ಧ ಗೆದ್ದಂತೆ. 1986ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಈ ನಿಯಮಾವಳಿ ಯಾರ ಸ್ವತ್ತೂ ಅಲ್ಲ. ಮೇಲ್ ಸರ್ವರಿನಲ್ಲೇ ಇರುತ್ತದೆ, ಎಷ್ಟು ಕಡೆಯಿಂದ ನೋಡಿದರೂ ಒಂದೇ ಚಿತ್ರ. 1997ರಲ್ಲಿ ಇದಕ್ಕೆ 'ಐಡಲ್' ಎಂಬ ಸೌಲಭ್ಯ ಸೇರಿತು. ಫೋನ್ ಲೈನ್ ಹಿಡಿದು ಸುಮ್ಮನೆ ಕೂರುತ್ತದೆ, ಮೇಲ್ ಬಂದರೆ ಸರ್ವರ್ ಕೂಗುತ್ತದೆ. ಅರ್ಧ ಗಂಟೆ ಸುಮ್ಮನಿದ್ದರೆ ಸರ್ವರ್ ಲೈನ್ ಕಡಿಯಬಹುದು ಎಂದು 29 ನಿಮಿಷದೊಳಗೆ ಒಮ್ಮೆ ಹೊಸದಾಗಿ ಕೇಳಿಕೊಳ್ಳಬೇಕೆಂಬ ನಿಯಮವಿದೆ. ಆಕ್ಟಿವ್‌ಸಿಂಕ್ ಕಾಯುವ ಬಗೆಗೆ ಇದು ಅಣ್ಣನೇ.

ಆಂಡ್ರಾಯ್ಡಿನಲ್ಲಿ ಇದಕ್ಕೆ ಕೆ-9 ಮೇಲ್ ಹಳೆಯ ನಂಬಿಕಸ್ಥ. ಆಂಡ್ರಾಯ್ಡ್ ಹುಟ್ಟಿದ 2008ರಲ್ಲೇ ಅದರ ಸ್ವಂತ ಈಮೇಲ್ ಆಪ್‌ನಿಂದ ಕವಲೊಡೆದು ಜೆಸ್ಸಿ ವಿನ್ಸೆಂಟ್ ಶುರು ಮಾಡಿದ್ದು. ಬ್ರಿಟಿಷ್ ಟಿವಿ ಧಾರಾವಾಹಿಯೊಂದರ ಯಂತ್ರ ನಾಯಿಯ ಹೆಸರಂತೆ ಅದು. 2022ರಲ್ಲಿ ಥಂಡರ್‌ಬರ್ಡ್ ಬಳಗ ಇದನ್ನು ತನ್ನದಾಗಿಸಿಕೊಂಡಿತು, 2024ರ ಅಕ್ಟೋಬರ್ ಕೊನೆಗೆ ಥಂಡರ್‌ಬರ್ಡ್ ಹೆಸರಿನಲ್ಲೇ ಆಂಡ್ರಾಯ್ಡ್ ಆಪ್ ಬಂತು. ಒಳಗಿನ ಹೂರಣ ಎರಡರದ್ದೂ ಒಂದೇ. ಫೇರ್‌ಈಮೇಲ್ ಎಂಬ ಇನ್ನೊಂದಿದೆ. ಮುಖ್ಯವಾಗಿ ಒಬ್ಬನೇ ಡಚ್ ತಂತ್ರಜ್ಞನ ಕೆಲಸ, ಆಯ್ಕೆಗಳು ಎಷ್ಟೆಂದರೆ ಮೊದಲ ದಿನ ತಲೆ ತಿರುಗುತ್ತದೆ. ಮೊದಲ ಸಲ ಹಾಕಿಕೊಳ್ಳುವವರಿಗೆ ನಾನು ಥಂಡರ್‌ಬರ್ಡ್ ಅನ್ನೇ ಹೇಳುವುದು.

ಹಾಕಿದ ಮೇಲೆ ಒಂದು ಕೆಲಸ ಮರೆಯಬೇಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಉಳಿಸುವ ವಿಭಾಗಕ್ಕೆ ಹೋಗಿ ಈ ಆಪ್‌ಗೆ ರಿಯಾಯಿತಿ ಕೊಡಿ. ಇಲ್ಲದಿದ್ದರೆ ಫೋನ್ ಅದನ್ನು ಮಲಗಿಸಿಬಿಡುತ್ತದೆ, ನೀವು "ಓಪನ್ ಸೋರ್ಸ್‌ನಲ್ಲಿ ಮೇಲ್ ತಡವಾಗಿ ಬರುತ್ತದೆ" ಎಂದು ದೂರುತ್ತೀರಿ. ಐಫೋನಿನವರಿಗೆ ಅದರಲ್ಲೇ ಇರುವ ಮೇಲ್ ಆಪ್ ಐಮ್ಯಾಪ್ ಭಾಷೆ ಬಲ್ಲದು. ಆಪ್ ಮುಕ್ತವಲ್ಲ, ದಾರಿ ಮುಕ್ತ.

ಉಳಿದ ಎರಡು ಪುಸ್ತಕಗಳು, ವಿಳಾಸ ಮತ್ತು ಕ್ಯಾಲೆಂಡರ್, ಐಮ್ಯಾಪ್‌ನಲ್ಲಿ ಬರುವುದಿಲ್ಲ. ಅವಕ್ಕೆ ಕಾರ್ಡ್‌ಡ್ಯಾವ್, ಕ್ಯಾಲ್‌ಡ್ಯಾವ್ ಎಂಬ ಬೇರೆ ಮುಕ್ತ ದಾರಿಗಳಿವೆ. ಐಫೋನಿಗೆ ಇವು ಹುಟ್ಟಿನಿಂದಲ್ಲದಿದ್ದರೂ ಬಾಲ್ಯದಿಂದಲೇ ಗೊತ್ತು. ಆಂಡ್ರಾಯ್ಡಿಗೆ ಗೊತ್ತಿಲ್ಲ. ಅದಕ್ಕಾಗಿ ಆಸ್ಟ್ರಿಯಾದ ಒಂದು ಸಣ್ಣ ತಂಡ ಮಾಡಿದ ಡ್ಯಾವ್ ಎಕ್ಸ್ ಫೈವ್ ಎಂಬ ಆಪ್ ಇದೆ. ಒಮ್ಮೆ ಸರ್ವರಿನ ವಿಳಾಸ, ಹೆಸರು, ಪಾಸ್‌ವರ್ಡ್ ಕೊಟ್ಟರೆ ಸಾಕು, ನಿಮ್ಮ ಫೋನಿನ ಎಂದಿನ ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್‌ಗಳಲ್ಲೇ ಆಫೀಸಿನವು ಬಂದು ಕೂರುತ್ತವೆ. ಪ್ಲೇ ಸ್ಟೋರಿನಲ್ಲಿ ಇದಕ್ಕೆ ಬೆಲೆ ಇದೆ. ಮುಕ್ತ ಆಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್‌ನಲ್ಲಿ ಉಚಿತ. ಕೈಲಾದವರು ಕೊಂಡರೆ ಒಳ್ಳೆಯದು. ಆ ನೀರು ಹಾಕುವ ಮಾತು ಹೇಳಿದೆನಲ್ಲ.

ಇಷ್ಟೆಲ್ಲ ಆಫೀಸಿನಲ್ಲಿ ಲಿನಕ್ಸ್ ಸರ್ವರ್, ಜಿಂಬ್ರಾ, ಸೊಗೊ, ನೆಕ್ಸ್ಟ್‌ಕ್ಲೌಡ್ ಅಥವಾ ಸಾದಾ ಹೋಸ್ಟಿಂಗ್ ಇದ್ದರೆ ಸಲೀಸು. ಮೈಕ್ರೋಸಾಫ್ಟ್ 365 ಇದ್ದರೆ ದಾರಿ ಕಿರಿದಾಗುತ್ತದೆ. ಅಲ್ಲಿ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೋಗುವ ಹಳೆಯ ಪದ್ಧತಿಯನ್ನು 2022ರ ಅಕ್ಟೋಬರ್‌ನಿಂದ ಮುಚ್ಚುತ್ತಾ ಬಂದರು. ಈಗ ಮೈಕ್ರೋಸಾಫ್ಟ್‌ನ ಪುಟದಲ್ಲೇ ಲಾಗಿನ್ ಆಗಿ ಆಪ್‌ಗೆ ಒಂದು ಚೀಟಿ ಕೊಡಿಸಬೇಕು. ಇದಕ್ಕೆ ಓಆಥ್ ಎನ್ನುತ್ತಾರೆ. ಥಂಡರ್‌ಬರ್ಡ್, ಕೆ-9, ಫೇರ್‌ಈಮೇಲ್ ಮೂರಕ್ಕೂ ಇದು ಬರುತ್ತದೆ. ಆದರೆ ಆ ಚೀಟಿಗೆ ಆಫೀಸಿನ ಐಟಿ ವಿಭಾಗದ ಸಹಿ ಬೇಕಾಗಬಹುದು. "ಅನುಮತಿ ಬೇಕು" ಎಂಬ ಪರದೆ ಬಂದು ನಿಂತರೆ ಆಪ್ ಕೆಟ್ಟಿದೆ ಎಂದುಕೊಳ್ಳಬೇಡಿ, ಬಾಗಿಲಲ್ಲಿ ವಾಚ್‌ಮನ್ ಇದ್ದಾನೆ ಅಷ್ಟೆ. ಕ್ಯಾಲ್‌ಡ್ಯಾವ್, ಕಾರ್ಡ್‌ಡ್ಯಾವ್ ಅಂತೂ ಮೈಕ್ರೋಸಾಫ್ಟ್ 365ರಲ್ಲಿ ಇಲ್ಲವೇ ಇಲ್ಲ. ಅಂದರೆ ಮೇಲ್ ಮುಕ್ತ ದಾರಿಯಲ್ಲಿ ಬರಬಹುದು, ಮೀಟಿಂಗುಗಳು ಬರವು. ಗೂಗಲ್‌ನ ಆಫೀಸು ಸೇವೆಯಲ್ಲಿ ಐಮ್ಯಾಪ್, ಕ್ಯಾಲ್‌ಡ್ಯಾವ್ ಎರಡೂ ಇವೆ. ಅಲ್ಲೂ ಖಾತೆಯ ಸಾದಾ ಪಾಸ್‌ವರ್ಡಿನ ಕಾಲ 2025ಕ್ಕೆ ಮುಗಿಯಿತು. ಕಂಪನಿಯದೇ ಕಟ್ಟಡದಲ್ಲಿರುವ ಎಕ್ಸ್‌ಚೇಂಜ್ ಆದರೆ ಅದರಲ್ಲಿ ಐಮ್ಯಾಪ್ ಮೊದಲಿನಿಂದಲೇ ಆಫ್ ಆಗಿರುತ್ತದೆ, ಯಾರಾದರೂ ಬೇಕೆಂದೇ ಆನ್ ಮಾಡಬೇಕು.

ಅದಕ್ಕೇ ಐಟಿ ವಿಭಾಗಕ್ಕೆ ಕೇಳಬೇಕಾದದ್ದು "ಥಂಡರ್‌ಬರ್ಡ್ ಹಾಕಿಕೊಳ್ಳಲಾ?" ಎಂದಲ್ಲ. "ನಮ್ಮಲ್ಲಿ ಐಮ್ಯಾಪ್ ಇದೆಯಾ? ಹೊರಗಿನ ಆಪ್‌ಗೆ ಅನುಮತಿ ಕೊಡುತ್ತೀರಾ? ಕ್ಯಾಲೆಂಡರಿಗೆ ಕ್ಯಾಲ್‌ಡ್ಯಾವ್ ವಿಳಾಸ ಇದೆಯಾ?" ಎಂದು ಕೇಳಿ. ಉತ್ತರ ಬೇಡ ಎಂದಾದರೆ ಕಳ್ಳದಾರಿ ಹುಡುಕಬೇಡಿ. ಎಲ್ಲ ಮೇಲ್ ತನ್ನಷ್ಟಕ್ಕೆ ಸ್ವಂತ ಜಿಮೇಲಿಗೆ ಹೋಗುವಂತೆ ಮಾಡಿಕೊಳ್ಳುವವರಿದ್ದಾರೆ. ಗಿರಾಕಿಯ ಕಾಗದಪತ್ರ ಆಫೀಸಿನ ಬೇಲಿ ದಾಟಿ ಹೊರಗೆ ಬಿದ್ದಂತೆ ಅದು. ಕೆಲಸಕ್ಕೇ ಕುತ್ತು ಬಂದೀತು.

ಮಗಳ ಫೋಟೋ

ಈಗ ಆ ಕೇಳುಗರ ಮುಖ್ಯ ಭಯಕ್ಕೆ ಬರೋಣ. 2010ರಲ್ಲಿ ಬಂದ ಆಂಡ್ರಾಯ್ಡ್ 2.2ರಿಂದ ಫೋನಿನ ಆಪ್‌ಗೆ 'ಡಿವೈಸ್ ಅಡ್ಮಿನ್' ಎಂಬ ಅಧಿಕಾರ ಕೊಡುವ ವ್ಯವಸ್ಥೆ ಶುರುವಾಯಿತು. ಫೋನಿನ ಮೇಲ್ ಆಪ್‌ನಲ್ಲಿ ಎಕ್ಸ್‌ಚೇಂಜ್ ಖಾತೆ ಸೇರಿಸುವಾಗ ಒಂದು ಪರದೆ ಬರುತ್ತದೆ. ಅದರಲ್ಲಿ ಪಟ್ಟಿ ಇರುತ್ತದೆ: ಎಲ್ಲ ಡೇಟಾ ಅಳಿಸುವುದು, ಪಾಸ್‌ವರ್ಡಿನ ನಿಯಮ ಹಾಕುವುದು, ಪರದೆಗೆ ಬೀಗ ಹಾಕುವುದು. ನಾವು ಬಸ್ಸಿನ ಟಿಕೆಟಿನ ಹಿಂದಿನ ನಿಯಮ ಓದುವಷ್ಟೇ ಶ್ರದ್ಧೆಯಿಂದ ಅದನ್ನು ಓದಿ 'ಒಪ್ಪಿಗೆ' ಒತ್ತುತ್ತೇವೆ. ಮೊದಲ ಸಾಲಿನಲ್ಲಿ 'ಎಲ್ಲ' ಎಂದಿರುವುದು ಆಫೀಸಿನ ಮೇಲ್ ಅಲ್ಲ; ಫೋನಿನಲ್ಲಿರುವ ಎಲ್ಲ.

ಆಫೀಸಿನ ಸರ್ವರಿನಲ್ಲಿ ಯಾರೋ ಅಳಿಸುವ ಆಜ್ಞೆ ಹೊರಡಿಸಿದರೆ ಏನಾಗುತ್ತದೆ? ಆ ಕ್ಷಣಕ್ಕೆ ಏನೂ ಆಗದು. ನಿಮ್ಮ ಫೋನ್ ಮುಂದಿನ ಸಲ ತಾಳೆ ನೋಡಲು ಹೋದಾಗ ಸರ್ವರ್ ಮೇಲ್ ಕೊಡದೆ ಮೊದಲು ನಿಯಮಗಳನ್ನು ಮತ್ತೆ ಪಡೆದುಕೋ ಎನ್ನುತ್ತದೆ. ಆ ನಿಯಮಗಳ ಜಾಗದಲ್ಲಿ ಅಳಿಸುವ ಆಜ್ಞೆ ಇರುತ್ತದೆ. ಫೋನ್ "ಸಿಕ್ಕಿತು" ಎಂದು ರಸೀದಿ ಕೊಟ್ಟು, ಅಂಗಡಿಯಿಂದ ಬಂದ ದಿನದಂತೆ ಖಾಲಿಯಾಗುತ್ತದೆ. ಐಫೋನಿನ ಸ್ವಂತ ಮೇಲ್ ಆಪ್‌ನಲ್ಲಿ ಎಕ್ಸ್‌ಚೇಂಜ್ ಖಾತೆ ಇದ್ದರೂ ಹೀಗಾಗಬಹುದು. ಆಕ್ಟಿವ್‌ಸಿಂಕ್‌ನ 16.1 ಆವೃತ್ತಿಯಲ್ಲಿ ಆ ಖಾತೆಯನ್ನಷ್ಟೇ ಅಳಿಸುವ ಸೌಲಭ್ಯ ಸೇರಿದೆ, ಮೈಕ್ರೋಸಾಫ್ಟ್‌ನ ಔಟ್‌ಲುಕ್ ಆಪ್‌ನಲ್ಲಾದರೆ ಆ ಆಪ್‌ನೊಳಗಿನದಷ್ಟೇ ಹೋಗುತ್ತದೆ. ಆದರೆ ನಿರ್ವಾಹಕನು ಯಾವ ಗುಂಡಿ ಒತ್ತುತ್ತಾನೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಅಂದ ಹಾಗೆ ಮುಕ್ತ ತಂತ್ರಾಂಶ ಎಂದರೆ ಈ ಭಯವೇ ಇಲ್ಲ ಎಂದುಕೊಳ್ಳುವುದೂ ತಪ್ಪು. ಝಡ್-ಪುಶ್ ಕೂಡ ಆಕ್ಟಿವ್‌ಸಿಂಕ್ ಭಾಷೆಯದೇ, ಅದರ ನಿರ್ವಾಹಕನಿಗೂ ಅಳಿಸುವ ಆಜ್ಞೆ ಹೊರಡಿಸುವ ಸಲಕರಣೆ ಇದೆ.

ಐಮ್ಯಾಪ್‌ನಲ್ಲಿ ಮಾತ್ರ ಅಂಥ ಆಜ್ಞೆಯೇ ಇಲ್ಲ. ಅದು ಮೇಲ್ ತೋರಿಸಬಲ್ಲದು, ತಡೆಯಬಲ್ಲದು, ಫೋನನ್ನು ಮುಟ್ಟಲಾರದು. ಥಂಡರ್‌ಬರ್ಡ್‌ನಲ್ಲಿ ಐಮ್ಯಾಪ್ ಮೂಲಕ ಮೇಲ್ ನೋಡುವವರ ಮಗಳ ಫೋಟೋಗೆ ಆಫೀಸಿನಿಂದ ಅಪಾಯವಿಲ್ಲ. ಆಫೀಸಿನವರು ಇದಕ್ಕೇ ಐಮ್ಯಾಪ್ ಮುಚ್ಚುತ್ತಾರೆ ಎಂಬುದನ್ನೂ ಹೇಳಬೇಕು. ಅವರ ಭಯವೂ ಸುಳ್ಳಲ್ಲ. ಸ್ವಾರಗೇಟಿನಿಂದ ರಾತ್ರಿ ಬಸ್ ಹತ್ತಿ, ಬೆಳಗ್ಗೆ ಬೆಳಗಾವಿಯಲ್ಲಿ ಇಳಿದಾಗ ಫೋನ್ ಸೀಟಿನಲ್ಲೇ ಉಳಿಯಿತು ಎಂದಿಟ್ಟುಕೊಳ್ಳಿ. ಅದರಲ್ಲಿ ಗಿರಾಕಿಯ ದರಪಟ್ಟಿ ಇದೆ. ಆಫೀಸಿನವರು ಪಾಸ್‌ವರ್ಡ್ ಬದಲಿಸಬಹುದು, ಚೀಟಿ ರದ್ದು ಮಾಡಬಹುದು. ಆಗಲೇ ಇಳಿದುಬಂದ ಮೇಲ್ ಮಾತ್ರ ಫೋನಿನಲ್ಲೇ ಇರುತ್ತದೆ. ಹಾಗಾಗಿ ಮುಕ್ತ ದಾರಿ ಹಿಡಿದವರು ಪರದೆಗೆ ಗಟ್ಟಿ ಬೀಗ ಹಾಕುವುದು ಶಿಷ್ಟಾಚಾರ.

ಎರಡೂ ಕಡೆಯ ಭಯಕ್ಕೆ ಒಪ್ಪುವ ನಡುದಾರಿ ಆಂಡ್ರಾಯ್ಡಿನಲ್ಲೇ ಇದೆ, 2014ರ ಆಂಡ್ರಾಯ್ಡ್ 5ರಿಂದ. ಅದು ವರ್ಕ್ ಪ್ರೊಫೈಲ್. ಒಂದೇ ಮನೆಯಲ್ಲಿ ಗೋಡೆ ಹಾಕಿ ಮುಂದಿನ ಕೋಣೆಯನ್ನು ಆಫೀಸಿಗೆ ಬಾಡಿಗೆ ಕೊಟ್ಟಂತೆ. ಆ ಕೋಣೆಯ ಆಪ್‌ಗಳ ಮೇಲೆ ಸಣ್ಣ ಬ್ರೀಫ್‌ಕೇಸಿನ ಗುರುತು ಇರುತ್ತದೆ. ಆಫೀಸಿನವರು ಖಾಲಿ ಮಾಡಿಸಿದರೂ ಆ ಕೋಣೆ ಮಾತ್ರ ಖಾಲಿ, ಒಳಮನೆಯ ಫೋಟೋಗಳಿಗೆ ಏನೂ ಆಗದು. ಆಫೀಸು ನಿಮ್ಮ ಸ್ವಂತ ಫೋನಿಗೆ ಮೇಲ್ ಹಾಕಿಕೊಳ್ಳಲೇಬೇಕು ಎಂದರೆ ನೀವು ಕೇಳಬೇಕಾದದ್ದು ಇದನ್ನು. ಎರಡು ಸಿಮ್ ಇರುವ ಫೋನ್ ಕೇಳುವಷ್ಟೇ ಸಹಜವಾಗಿ ಕೇಳಿ. ಯಾವ ದಾರಿಯಾದರೂ ಸರಿ, ಫೋಟೋಗಳ ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಫೋನ್ ಅಳಿಸಲು ಆಫೀಸೇ ಬೇಕೆಂದಿಲ್ಲ, ಬಕೆಟ್ ನೀರು ಸಾಕು.

ಕಾರ್ಖಾನೆಯವರಿಗೆ

ಭೋಸರಿಯಲ್ಲಿ ಇಪ್ಪತ್ತೈದು ಜನರ ವರ್ಕ್‌ಶಾಪ್ ನಡೆಸುವ ಮಾಲೀಕರೊಬ್ಬರು ಎಂದಿಟ್ಟುಕೊಳ್ಳೋಣ. ತಲೆಗೆ ಇಷ್ಟೆಂದು ಪ್ರತಿ ತಿಂಗಳು ಕಟ್ಟುವುದು ಅವರಿಗೆ ಭಾರ. ಮುಕ್ತ ತಂತ್ರಾಂಶ ಬಿಟ್ಟಿ ಎಂದು ಕೇಳಿ ಸ್ವಂತ ಸರ್ವರ್ ಹಾಕಲು ಹೊರಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಅದನ್ನು ನೋಡಿಕೊಳ್ಳಲು ಬಲ್ಲ ಮನುಷ್ಯ ಇಲ್ಲದಿದ್ದರೆ ಬೇಡ. 2022ರಲ್ಲಿ ಜಿಂಬ್ರಾದ ದೋಷಗಳನ್ನು ಹಿಡಿದು ಜಗತ್ತಿನಾದ್ಯಂತ ಸರ್ವರ್‌ಗಳಿಗೆ ನುಗ್ಗಿದರು. ತೇಪೆ ಸಿಗುತ್ತಿತ್ತು, ಹಾಕುವವರಿರಲಿಲ್ಲ ಎಂಬಂಥ ಸರ್ವರ್‌ಗಳು ಅದರಲ್ಲಿ ಬಹಳ. ಜೊತೆಗೆ ಹೊಸ ಸರ್ವರಿನಿಂದ ಹೋದ ಕೊಟೇಶನ್ ಗಿರಾಕಿಯ ಸ್ಪ್ಯಾಮ್ ಡಬ್ಬಿಗೆ ಬಿದ್ದರೆ ಆರ್ಡರೇ ಹೋಯಿತು. ಅವರಿಗೆ ಒಪ್ಪುವುದು ಐಮ್ಯಾಪ್ ಜೊತೆ ಕ್ಯಾಲ್‌ಡ್ಯಾವ್, ಕಾರ್ಡ್‌ಡ್ಯಾವ್ ಕೊಡುವ ಸಾದಾ ಹೋಸ್ಟಿಂಗ್. ಸಿಪ್ಯಾನೆಲ್ ಇರುವ ಅನೇಕ ಕಡೆ ಇವು ಜೊತೆಯಲ್ಲೇ ಬರುತ್ತವೆ. ಫೋನುಗಳಲ್ಲಿ ಥಂಡರ್‌ಬರ್ಡ್ ಮತ್ತು ಡ್ಯಾವ್ ಎಕ್ಸ್ ಫೈವ್. ಹೋಸ್ಟಿಂಗಿನವನು ಕೈಕೊಟ್ಟರೆ ಇನ್ನೊಬ್ಬನ ಹತ್ತಿರ ಹೋದರಾಯಿತು, ಫೋನಿನ ಆಪ್ ಬದಲಿಸಬೇಕಿಲ್ಲ.

ಕನ್ನಡದಲ್ಲಿ ಹೆಸರು ಬರೆದಿಟ್ಟವರಿಗೆ ಒಂದು ಮಾತು. ಹಳೆಯ ಫೋನಿನಿಂದ ವಿಳಾಸ ಪುಸ್ತಕ ತಾಳೆ ಮಾಡಿದಾಗ 'ಅಪ್ಪಾಜಿ', 'ಸೋದರಮಾವ' ಎಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಬರುವುದುಂಟು. ವಿ-ಕಾರ್ಡ್ ಎಂಬ ವಿಳಾಸ ಚೀಟಿಯ 2.1 ಆವೃತ್ತಿ ಕನ್ನಡಕ್ಕೆ ಅಡ್ಡಾದಿಡ್ಡಿ. ರಫ್ತು ಮಾಡುವಾಗ 3.0 ಅಥವಾ 4.0 ಆಯ್ದುಕೊಳ್ಳಿ, ಯೂನಿಕೋಡ್ ಇರಲಿ. ಫೋನಿನಲ್ಲಿ ಕನ್ನಡ ಕಾಣುವುದರ ಹಿಂದೆ ಪುಣೆಯ ಪಾಲೂ ಇದೆ ಎಂಬುದು ಎಷ್ಟು ಜನರಿಗೆ ಗೊತ್ತೋ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಬಂದಾಗ ಅಕ್ಷರಗಳನ್ನು ತೋರಿಸಿದ್ದು 'ಲೋಹಿತ್ ಕನ್ನಡ' ಎಂಬ ಮುಕ್ತ ಫಾಂಟ್. ಲೋಹಿತ್ ಫಾಂಟುಗಳನ್ನು ರೂಪಿಸಿದ್ದು ಪುಣೆಯ ಮಾಡ್ಯುಲರ್ ಇನ್ಫೋಟೆಕ್, ನಮ್ಮ ಡಿಟಿಪಿಯವರೆಲ್ಲ ಬಳಸಿದ ಶ್ರೀಲಿಪಿಯ ಮನೆ. ಹಂಚಿದ್ದು, ಆಮೇಲೆ ಪೋಷಿಸಿದ್ದು ರೆಡ್ ಹ್ಯಾಟ್. ಅದರ ಭಾರತೀಯ ಭಾಷೆಗಳ ತಂಡವೂ ಪುಣೆಯಲ್ಲೇ ಇತ್ತು, ಕನ್ನಡವೂ ಅದರಲ್ಲೊಂದು.

ನಿಮ್ಮ ಫೋನಿಗೆ ಯಾವುದು ಹೊಂದುತ್ತದೆ ಎಂಬ ಅನುಮಾನ ಉಳಿದಿದ್ದರೆ ಕಾರ್ಯಕ್ರಮಕ್ಕೆ ಬರೆಯಿರಿ. ಫೋನಿನ ಮಾಡೆಲ್ ಯಾವುದು, ಆಫೀಸಿನಲ್ಲಿ ಮೇಲ್ ಯಾರದು, ಐಮ್ಯಾಪ್ ಇದೆಯೋ ಇಲ್ಲವೋ, ಇಷ್ಟು ಬರೆದರೆ ಬಲ್ಲವರನ್ನು ಕೇಳಿ ಉತ್ತರಿಸುತ್ತೇವೆ. ಪಾಸ್‌ವರ್ಡ್ ಮಾತ್ರ ಬರೆಯಬೇಡಿ.